ಕಂಪನಿ ಷೇರುಪೇಟೆಗೆ ಬರುತ್ತಿದೆ. ನೌಕರರಿಗೆ ನಿಗದಿತ ಬೆಲೆಗೆ ಷೇರು ಕೊಡುವ ಇಸಾಪ್ ಯೋಜನೆಯ ನನ್ನ ಷೇರುಗಳನ್ನು ಕೂಡಲೇ ಮಾರಬೇಕೇ, ಇಟ್ಟುಕೊಳ್ಳಬೇಕೇ? ಆರು ತಿಂಗಳು ಮಾರುವಂತಿಲ್ಲ ಎಂಬ ಲಾಕ್-ಇನ್ ಭಯವೂ ಇದೆ. ಐಪಿಒದಲ್ಲಿ, ಅಂದರೆ ಕಂಪನಿ ಜನರಿಗೆ ಮೊದಲ ಬಾರಿ ಷೇರು ಹಂಚುವಾಗ, ನನ್ನ ತಂದೆ ಅರ್ಜಿ ಹಾಕಬಹುದೇ?

ನಾಲ್ಕು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿಕೊಂಡಿದ್ದೆ. ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ನೀವು ಕಾರವಾರದವರೆಂದು ಬರೆದಿದ್ದೀರಿ, ನಾನು ಶಿರಸಿಯ ಕಡೆಯವನು; ಹೀಗಾಗಿ ನಡುನಡುವೆ ಅಡಿಕೆಯ ಮಾತು ಬಂದರೆ ಸಹಿಸಿಕೊಳ್ಳಿ.

ಆಗ ನಾನು ಊರಿನಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಿದ್ದೆ. ಅಡಿಕೆ ಗೊನೆಗಳ ಕೊಯ್ಲಿನ ದಿನಗಳು. ಜಗುಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು, ಮೂಲೆಯಲ್ಲಿ ನನ್ನ ಲ್ಯಾಪ್‌ಟಾಪ್. ನನ್ನ ಹೆಸರಿನಲ್ಲಿ ವೆಸ್ಟ್ ಆಗಿದ್ದ (ಬಳಸುವ ಹಕ್ಕು ಬಂದಿದ್ದ) 4,000 ಆಪ್ಷನ್‌ಗಳಿದ್ದವು, ಒಂದೊಂದಕ್ಕೆ 10 ರೂಪಾಯಿ ಕಟ್ಟಿದರೆ ಷೇರು ನನ್ನದು. ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆದ ಮೂರನೆಯ ದಿನ ಎಕ್ಸರ್ಸೈಸ್ ಮಾಡುವ, ಅಂದರೆ ಆಪ್ಷನ್ನನ್ನು ಷೇರಾಗಿಸಿಕೊಳ್ಳುವ ಅರ್ಜಿಯನ್ನು ತೆರೆದೆ. ಅದರ ಕೊನೆಯಲ್ಲಿ ಎರಡು ಚೌಕಗಳಿದ್ದವು. ತೆರಿಗೆಗೆ ಸಾಲುವಷ್ಟು ಷೇರುಗಳನ್ನು ಕಂಪನಿಯೇ ಮಾರಿ ಉಳಿದದ್ದನ್ನು ನನಗೆ ಕೊಡುವುದು ಒಂದು. ತೆರಿಗೆಯನ್ನು ನಾನೇ ತುಂಬಿ ಅಷ್ಟೂ ಷೇರುಗಳನ್ನು ಪಡೆಯುವುದು ಇನ್ನೊಂದು. ನಾನು ಎರಡನೆಯದಕ್ಕೆ ಗುರುತು ಹಾಕಿದೆ.

ಆ ಗುರುತಿನ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಜೊತೆಗಾರರಲ್ಲಿ ಅರ್ಧಕ್ಕರ್ಧ ಜನರಿಗೆ ಅದು ಇವತ್ತಿಗೂ ಅರ್ಥವಾಗಿಲ್ಲ. ಆಪ್ಷನ್ ಕೈಯಲ್ಲಿರುವವರೆಗೆ ತೆರಿಗೆಯಿಲ್ಲ. ಅದನ್ನು ಷೇರಾಗಿ ಪರಿವರ್ತಿಸಿಕೊಂಡ ದಿನ, ಅಂದಿನ ಮಾರುಕಟ್ಟೆ ಬೆಲೆಗೂ ನೀವು ಕಟ್ಟಿದ ಬೆಲೆಗೂ ಇರುವ ಅಂತರವೆಲ್ಲ ನಿಮ್ಮ ಸಂಬಳವೆಂದೇ ಲೆಕ್ಕವಾಗುತ್ತದೆ. ನೀವು ಒಂದೂ ಷೇರನ್ನು ಮಾರಿರಬೇಕಾಗಿಲ್ಲ. ಲಿಸ್ಟ್ ಆದ ಕಂಪನಿಯಾದರೆ ಆ ದಿನದ ಆರಂಭದ ಮತ್ತು ಮುಕ್ತಾಯದ ಬೆಲೆಗಳ ಸರಾಸರಿಯನ್ನು ಹಿಡಿಯುತ್ತಾರೆ. ನನ್ನ ದಿನ ಬೆಳಿಗ್ಗೆ 655, ಸಂಜೆ 585, ಸರಾಸರಿ 620. ಅಂದರೆ ಷೇರಿಗೆ 610ರಂತೆ 24 ಲಕ್ಷ 40 ಸಾವಿರ ರೂಪಾಯಿ ನನ್ನ ಆದಾಯ. ನನ್ನ ಸಂಬಳ ಮೊದಲೇ ಶೇಕಡಾ 30ರ ಹಂತದಲ್ಲಿತ್ತು. ಸೆಸ್ ಸೇರಿ 31.2ರ ಲೆಕ್ಕದಲ್ಲಿ ತೆರಿಗೆ 7,61,280 ರೂಪಾಯಿ. ಮಾಡಿನ ಹಂಚು ತೆಗೆಸಲು ಕೂಡಿಟ್ಟ ಹಣವನ್ನೂ, ಆಯಿಯ ಬಂಗಾರವನ್ನು ಸೊಸೈಟಿಯಲ್ಲಿ ಅಡವಿಟ್ಟು ತಂದ ಸಾಲವನ್ನೂ ಸೇರಿಸಿ ಕಂಪನಿಗೆ ಕಳುಹಿಸಿದೆ. ಅಪ್ಪಯ್ಯ ಮೆಟ್ಟುಗತ್ತಿಯಿಂದ ತಲೆಯೆತ್ತದೆ ಒಂದೇ ಮಾತು ಕೇಳಿದರು: “ಮಾರದೇ ಇಟ್ಟ ಅಡಿಕೆಗೂ ತೆರಿಗೆ ಇದ್ದಾ ತಮಾ?” ನಾನು ನಕ್ಕೆ.

ಇಷ್ಟು ಅವಸರ ಏಕೆಂದರೆ, ಷೇರು ಬೇಗ ನನ್ನದಾದರೆ ಹನ್ನೆರಡು ತಿಂಗಳ ಎಣಿಕೆ ಬೇಗ ಶುರುವಾಗುತ್ತದೆ, ಆಮೇಲೆ ಮಾರಿದರೆ ಲಾಭಕ್ಕೆ ದೀರ್ಘಾವಧಿಯ ಕಡಿಮೆ ತೆರಿಗೆ ಎಂಬ ಜಾಣತನ. ಷೇರುಗಳು ಡಿಮ್ಯಾಟ್ ಖಾತೆಗೆ ಬರುವುದಕ್ಕೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಬೆಲೆ 500ರ ಕೆಳಗಿತ್ತು. ಆಗಲಾದರೂ ಮಾರೋಣವೆಂದರೆ ತ್ರೈಮಾಸಿಕ ಮುಗಿದು ಟ್ರೇಡಿಂಗ್ ವಿಂಡೋ ಮುಚ್ಚಿತು. ನನ್ನಂತೆ ಒಳಗಿನ ಅಂಕಿಅಂಶ ನೋಡುವ ತಂಡದಲ್ಲಿದ್ದವರು ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಮಾರುವಂತಿಲ್ಲ. ತೆರೆದ ಮೇಲೆ, ಇಳಿದ ದರಕ್ಕೆ ಕೊಡುವುದು ಹೇಗೆಂದು ನಾನೇ ಕುಳಿತೆ, ಅಟ್ಟದ ಮೇಲೆ ಚಾಲಿ (ಒಣಗಿಸಿದ ಅಡಿಕೆ) ಇಟ್ಟುಕೊಂಡು ದರ ಕಾಯುವವರಂತೆ. ಹದಿಮೂರನೆಯ ತಿಂಗಳಲ್ಲಿ 210ಕ್ಕೆ ಮಾರಿದೆ. ಬಂದದ್ದು 8 ಲಕ್ಷ 40 ಸಾವಿರ. ಕಟ್ಟಿದ 40 ಸಾವಿರವನ್ನೂ ತೆರಿಗೆಯನ್ನೂ ಕಳೆದರೆ 38,720 ರೂಪಾಯಿ ಉಳಿಯಿತು. ಬಂಗಾರದ ಸಾಲದ ಬಡ್ಡಿ ಅದನ್ನೂ ನುಂಗಿತು.

ಆದ್ದರಿಂದ ಮಾರಬೇಕೇ ಇಟ್ಟುಕೊಳ್ಳಬೇಕೇ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಎಕ್ಸರ್ಸೈಸ್ ಯಾವಾಗ, ತೆರಿಗೆಯ ಹಣ ಎಲ್ಲಿಂದ ಎಂಬುದನ್ನು ಮೊದಲು ನಿರ್ಧರಿಸಿ. ಕಂಪನಿಯ ಮೇಲೆ ಅಷ್ಟು ನಂಬಿಕೆಯಿದ್ದರೆ ಷೇರನ್ನಲ್ಲ, ಆಪ್ಷನ್ನನ್ನೇ ಇಟ್ಟುಕೊಳ್ಳಿ, ಅದಕ್ಕೆ ಖರ್ಚಿಲ್ಲ. ಅವಧಿ ಯಾವಾಗ ಮುಗಿಯುತ್ತದೆ, ಕೆಲಸ ಬಿಟ್ಟರೆ ಎಷ್ಟು ದಿನ ಸಿಗುತ್ತದೆ ಎಂಬುದನ್ನು ಮಾತ್ರ ಆಪ್ಷನ್ ಕೊಟ್ಟಾಗ ಕಂಪನಿ ನೀಡಿದ ಪತ್ರದಲ್ಲಿ ನೋಡಿಕೊಳ್ಳಿ. ಎಕ್ಸರ್ಸೈಸ್ ಮಾಡಿದ ದಿನ ತೆರಿಗೆಯ ಪಾಲನ್ನಾದರೂ ಮಾರಲೇಬೇಕು. ಈ ವಿಷಯದಲ್ಲಿ ನಾನು ಯಾರ ವಾದವನ್ನೂ ಕೇಳುವುದಿಲ್ಲ. ನೀವು ಅಂಜಿರುವ ಆರು ತಿಂಗಳ ಲಾಕ್-ಇನ್ ಹಳೆಯ ಹೂಡಿಕೆದಾರರಿಗೆ. ನೌಕರರು ಇಸಾಪ್ ಮೂಲಕ ಪಡೆದ ಷೇರುಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ವಿನಾಯಿತಿ ಕೊಟ್ಟಿದೆ. ಆದರೆ ಹಳೆಯ ಹೂಡಿಕೆದಾರರ ಗಡುವು ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಅಂದು ಅವರೆಲ್ಲ ಮಾರಲು ಬಂದರೆ ಬೆಲೆ ಬೀಳಬಹುದು. ಝೊಮ್ಯಾಟೊ 2021ರ ಜುಲೈನಲ್ಲಿ 76 ರೂಪಾಯಿಗೆ ಷೇರು ಹಂಚಿತು. ಆಗಿನ ಒಂದು ವರ್ಷದ ಲಾಕ್-ಇನ್ ಮುಗಿದ 2022ರ ಜುಲೈ ಕೊನೆಯಲ್ಲಿ ಬೆಲೆ 50ಕ್ಕಿಂತ ಕೆಳಗಿತ್ತು. 2024ರಲ್ಲಿ ಅದೇ ಷೇರು 200 ದಾಟಿತು, ನಿಜ. ಅಲ್ಲಿಯವರೆಗೆ ಕಾಯಲು ಬಂಗಾರದ ಸಾಲವಿಲ್ಲದವರಿಗೆ ಸಾಧ್ಯ.

ನಿಮ್ಮ ತಂದೆಯವರು ಐಪಿಒಗೆ ಅರ್ಜಿ ಹಾಕುವ ವಿಚಾರ: ಅವರ ಹಣ ಕಂಪನಿಗೆ ಹೋಗುತ್ತದೆಯೋ, ಷೇರು ಮಾರಿ ಹೊರಡುವ ಹಳಬರಿಗೆ ಹೋಗುತ್ತದೆಯೋ ಎಂದು ಷೇರು ವಿತರಣೆಯ ವಿವರಗಳಿರುವ ಪ್ರಾಸ್ಪೆಕ್ಟಸ್‌ನಲ್ಲಿ ತೋರಿಸಿ. ಪೇಟಿಎಂನ 18,300 ಕೋಟಿಯಲ್ಲಿ 10,000 ಕೋಟಿ ಹಳಬರ ಪಾಲಾಗಿತ್ತು. 2,150ಕ್ಕೆ ಹಂಚಿದ ಷೇರು 2021ರ ನವೆಂಬರ್ 18ರಂದು, ಮೊದಲ ದಿನವೇ, ಶೇಕಡಾ 27ರಷ್ಟು ಕುಸಿಯಿತು. ಮನೆಯ ಅನ್ನವೇ ಆ ಕಂಪನಿಯಿಂದ ಬರುತ್ತಿರುವಾಗ ತಂದೆಯ ಉಳಿತಾಯವನ್ನೂ ಅಲ್ಲಿಗೇ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಜಾಣತನದ ಇನ್ನೊಂದು ಬಾಲ ಉಳಿದಿದೆ. ತೆರಿಗೆ ಲೆಕ್ಕದಲ್ಲಿ 620ಕ್ಕೆ ಕೊಂಡಂತಾದ ಷೇರನ್ನು 210ಕ್ಕೆ ಮಾರಿದ 16 ಲಕ್ಷ 40 ಸಾವಿರದ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ವರ್ಷ ತುಂಬುವ ಮೊದಲೇ ಮಾರಿದ್ದರೆ ಅಲ್ಪಾವಧಿ, ದೀರ್ಘಾವಧಿ ಎರಡೂ ಬಗೆಯ ಬಂಡವಾಳ ಲಾಭಗಳಿಗೆ ಹೊಂದಿಸಬಹುದಿತ್ತು. ನಾನು ಕಾದು ದೀರ್ಘಾವಧಿಯದ್ದಾಗಿಸಿದ್ದರಿಂದ ದೀರ್ಘಾವಧಿಯ ಲಾಭಕ್ಕೆ ಮಾತ್ರ. ಎಂಟು ವರ್ಷಗಳವರೆಗೆ ಅವಕಾಶವಿದೆ. ನನಗೆ ಅಂಥ ಲಾಭ ಇನ್ನೂ ಬಂದಿಲ್ಲ. ಪ್ರತಿ ಜುಲೈನಲ್ಲಿ ರಿಟರ್ನ್ ತುಂಬುವಾಗ ಆ ಅಂಕಿಯನ್ನು ಮುಂದಿನ ವರ್ಷಕ್ಕೆ ದಾಟಿಸುತ್ತಿದ್ದೇನೆ.