ಕಥಿ ಮುಗಿಯೂಕಿಂತ ಮೊದಲ ಸ್ಟಾರ್ ಹೆಂಗ ಕೊಡೂದು?

ವಿಮರ್ಶೆ ಬರಿಯುವಾಗ ತಿಂಗಳ ಕಾಮಿಕ್ಸಿನ ಮೊದಲ ಸಂಚಿಕೆಗೆ ಐದರಾಗ ಎಷ್ಟು ಸ್ಟಾರ್ ಕೊಡ್ಬೇಕು, ಕಥಿನ ಮುಗದಿಲ್ಲಲಾ ಅಂತ ಕೇಳೀರಿ. ಇಡೀ ಕಥಿಗೆ ಕೊಡಬ್ಯಾಡ್ರಿ, ಕೈಯಾಗಿನ ಸಂಚಿಕೆಗಷ್ಟ ಕೊಡ್ರಿ. ಅಮೆರಿಕದ ಮಾಸಿಕದಾಗ ಕಥಿಗೆ ಸಿಗೂದ ಸುಮಾರು 20 ಪುಟ. ಒಂದ ಕಥಿ ಐದಾರು ಸಂಚಿಕೆ ಹಬ್ಬೂದು ಸಾಮಾನ್ಯ.

ನಾ ಮೊದಲ ನೋಡೂದು ಬಲಗಡೆ ಪುಟದ ಕಡೀ ಚೌಕಟ್ಟು, ಅಂದ್ರ ಗೆರಿ ಹಾಕಿದ ಕಡೀ ಚಿತ್ರ. ಅದು ಪುಟ ತಿರುವಾಕ ಹಚ್ಚಬೇಕು. ಆಮ್ಯಾಲೆ ಮಾತಿನ ಗುಳ್ಳಿ ಬಿಟ್ಟು ಬರೇ ಚಿತ್ರ ನೋಡ್ರಿ. ಯಾರು ಎಲ್ಲಿ ನಿಂತಾರ, ಯಾರಿಗೆ ಸಿಟ್ಟು ಬಂದೈತಿ ಅನ್ನೂದು ತಿಳದ್ರ ಚಿತ್ರಕಾರ ಗೆದ್ದಂಗ. ಬಣ್ಣ ಹಾಕಿದವರು, ಗುಳ್ಳಿಯೊಳಗ ಅಕ್ಷರ ಬರದು ಕೊಟ್ಟವರ ಹೆಸರೂ ಬರೀರಿ, ಭಾಳ ಮಂದಿ ಅವರನ್ನ ಬಿಟ್ಟಬಿಡತಾರ.

ಹುಬ್ಬಳ್ಳ್ಯಾಗ ನಾವು ಹೆಚ್ಚಾಗಿ ಮೊಬೈಲಿನ್ಯಾಗ ಓದತೇವಿ. ಒಂದೊಂದ ಚೌಕಟ್ಟು ಸರಿಸಿ ನೋಡಿ ಮಾರ್ಕ್ಸ್ ಹಾಕಬ್ಯಾಡ್ರಿ, ಪೂರ್ತಿ ಪುಟ ತಗದು ನೋಡ್ರಿ.