ಎಚ್‌ಆರ್ ರಾಜೀನಾಮೆ ಕೇಳುತ್ತಿದ್ದಾರೆ. ಕೊಟ್ಟು ಹೊರಬರುವುದು ಒಳ್ಳೆಯದಾ, ಅವರೇ ಟರ್ಮಿನೇಟ್ ಮಾಡಲಿ ಅಂತ ಕಾಯುವುದಾ?

"ಎರಡು ತಿಂಗಳ ಸಂಬಳ ಕೊಡ್ತೀವಿ, ನೀವೇ ರಿಸೈನ್ ಮಾಡಿ. ಇಲ್ಲಾಂದ್ರೆ ಟರ್ಮಿನೇಷನ್ ಲೆಟರ್ ಕೊಡ್ಬೇಕಾಗುತ್ತೆ." ನಿಮಗೆ ಹೇಳಿದ ಈ ಮಾತನ್ನು 2023ರ ಫೆಬ್ರವರಿಯಲ್ಲಿ ನನಗೂ ಹೇಳಿದ್ದರು. ಹೆಚ್ಚುಕಡಿಮೆ ಇದೇ ಪದಗಳಲ್ಲಿ.

ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಐಟಿ ಕಂಪನಿಯಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು. ಅವತ್ತು ಬೆಳಿಗ್ಗೆ ಕ್ಯಾಲೆಂಡರಿಗೆ 'ಕ್ಯಾಚ್ ಅಪ್' ಅಂತ ಒಂದು ಮೀಟಿಂಗ್ ಬಂತು. ಹೋದರೆ ಮ್ಯಾನೇಜರ್ ಪಕ್ಕದಲ್ಲಿ ನಾನು ಹಿಂದೆಂದೂ ನೋಡಿರದ ಎಚ್‌ಆರ್ ಹುಡುಗಿ ಕೂತಿದ್ದಳು. ರೂಮಿನ ಹೆಸರು ಶರಾವತಿ; ನಮ್ಮ ಮಹಡಿಯ ರೂಮುಗಳಿಗೆಲ್ಲ ನದಿಗಳ ಹೆಸರಿತ್ತು. ಫೋನ್ ಹೊರಗಿಟ್ಟು ಬನ್ನಿ ಅಂದರು. ಅರ್ಧ ಗಂಟೆ ಮಾತಾದ ಮೇಲೆ ಆ ಹುಡುಗಿ ಟೀಮ್ಸ್ ಚಾಟ್‌ನಲ್ಲಿ ನನಗೆ ನಾಲ್ಕು ಸಾಲು ಕಳಿಸಿದಳು. "ಇದನ್ನೇ ಕಾಪಿ ಮಾಡಿ ಮೇಲ್ ಹಾಕ್ಬಿಡಿ ಮೇಡಂ, ಬರೀ ಫಾರ್ಮಾಲಿಟಿ." ನನ್ನ ಕೈ ನಡುಗುತ್ತಿತ್ತು. 11:42ಕ್ಕೆ ಸೆಂಡ್ ಒತ್ತಿದೆ. ಲ್ಯಾಪ್‌ಟಾಪ್ ಅಲ್ಲೇ ತೆಗೆದುಕೊಂಡರು. ಡೆಸ್ಕ್ ಮೇಲಿದ್ದ ಊಟದ ಡಬ್ಬಿ ತರೋಣ ಅಂತ ಹೋದರೆ ನನ್ನ ಕಾರ್ಡಿಗೆ ಬಾಗಿಲು ತೆಗೆಯಲಿಲ್ಲ. ದಿನಾ ನಮಸ್ಕಾರ ಹೇಳುತ್ತಿದ್ದ ಸೆಕ್ಯುರಿಟಿಯವರು ಒಳಗೆ ಹೋಗಿ ತಂದುಕೊಟ್ಟರು, ನನ್ನ ಮುಖ ನೋಡಲಿಲ್ಲ.

ಆ ನಾಲ್ಕು ಸಾಲಿನ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯಲೇಬೇಕು, ಯಾಕೆಂದರೆ ನಿಮಗೂ ಅದೇ ಸಾಲುಗಳು ಬರುತ್ತವೆ.

ಮೊದಲನೆಯ ಸಾಲು: "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ." ನನಗೆ ಯಾವ ವೈಯಕ್ತಿಕ ಕಾರಣವೂ ಇರಲಿಲ್ಲ. ಆದರೆ ಈ ಎರಡು ಪದ ಬರೆದ ಕ್ಷಣಕ್ಕೆ, ಅವರು ನನ್ನನ್ನು ತೆಗೆದದ್ದು ಹೋಗಿ ನಾನೇ ಬಿಟ್ಟದ್ದಾಯಿತು. ಎರಡನೆಯ ಸಾಲು ಇನ್ನೂ ಕೆಟ್ಟದ್ದು: "ನನ್ನ ಕೋರಿಕೆಯ ಮೇರೆಗೆ ನೋಟಿಸ್ ಅವಧಿಯನ್ನು ಮನ್ನಾ ಮಾಡಿ ಇಂದೇ ಬಿಡುಗಡೆ ಮಾಡಬೇಕು." ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಎರಡೂ ಕಡೆಗೆ 90 ದಿನದ ನೋಟಿಸ್ ಇತ್ತು. ಅಂದರೆ ಅವರಾಗಿ ಕಳಿಸಿದ್ದರೆ ಮೂರು ತಿಂಗಳ ಸಂಬಳ ಕೊಡಬೇಕಿತ್ತು. ಅದನ್ನು ನಾನೇ ಬೇಡ ಅಂತ ಬರೆದುಕೊಟ್ಟೆ! ಜೊತೆಗೆ, ಕಾನೂನಿನ ಪ್ರಕಾರ ರಿಟ್ರೆಂಚ್‌ಮೆಂಟ್ ಮಾಡಿದರೆ, ಅಂದರೆ ಶಿಸ್ತುಕ್ರಮವಲ್ಲದೆ ಕಂಪನಿಯೇ ಕೆಲಸದಿಂದ ತೆಗೆದರೆ, ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಒಂಬತ್ತು ವರ್ಷಕ್ಕೆ 135 ದಿನ. ನೋಟಿಸ್ ಸೇರಿಸಿದರೆ ಏಳೂವರೆ ತಿಂಗಳು. ನಾನು ಎರಡು ತಿಂಗಳಿಗೆ ಒಪ್ಪಿ "ಥ್ಯಾಂಕ್ಯೂ" ಅಂತಲೂ ಹೇಳಿ ಬಂದೆ. ಗ್ರಾಚ್ಯುಟಿ ಬಂತು, ಐದು ವರ್ಷ ದಾಟಿದವರಿಗೆ ಅದು ಹೇಗೂ ಬರಬೇಕಾದದ್ದೇ. ಅದನ್ನು ದೊಡ್ಡ ಉಪಕಾರದ ಹಾಗೆ ಪಟ್ಟಿಯಲ್ಲಿ ತೋರಿಸಿದ್ದರು.

ರಾಜೀನಾಮೆ ಜಾರಿಗೆ ಬರುವ ದಿನದೊಳಗೆ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಇದು ನನಗೆ ಆಮೇಲೆ ಗೊತ್ತಾಯಿತು. ಅವರಿಗೆ ಮೊದಲೇ ಗೊತ್ತಿತ್ತು. 'ಇಂದೇ' ಅನ್ನುವ ಪದ ಹಾಕಿಸಿದ್ದು ಅದಕ್ಕೇ ಅಂತ ನನಗೆ ಈಗಲೂ ಅನಿಸುತ್ತದೆ.

ರಿಲೀವಿಂಗ್ ಲೆಟರ್ ಕೈಗೆ ಬರಲಿ ಅಂತ ಹೆದರಿಕೊಂಡು ನಾಲ್ಕು ತಿಂಗಳು ಸುಮ್ಮನಿದ್ದೆ. ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಹೋಗಿ ದೂರು ಕೊಟ್ಟೆ. ಸಂಧಾನಕ್ಕೆ ಕರೆದ ದಿನ ಕಂಪನಿಯ ವಕೀಲರು ಫೈಲಿನಿಂದ ತೆಗೆದದ್ದು ಒಂದೇ ಹಾಳೆ, ನನ್ನ ಮೇಲ್‌ನ ಪ್ರಿಂಟ್. ಆ ಎರಡು ಸಾಲಿನ ಮೇಲೆ ಹಳದಿ ಬಣ್ಣ ಎಳೆದಿತ್ತು. ಅಧಿಕಾರಿ ಓದಿ, "ಇದು ನೀವೇ ಕಳಿಸಿದ್ದಲ್ವೇನಮ್ಮಾ?" ಅಂದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯಲ್ಲ ಅಂತ ವಾದಿಸಬಹುದು, ಆದರೆ ಒತ್ತಾಯ ಇತ್ತು ಅಂತ ತೋರಿಸಬೇಕಾದವಳು ನಾನು. ಸಾಕ್ಷಿ ಅಂತ ಇದ್ದದ್ದು ಆ ಟೀಮ್ಸ್ ಚಾಟ್ ಒಂದೇ. ಅದು ಲ್ಯಾಪ್‌ಟಾಪ್ ಜೊತೆಗೇ ಹೋಗಿತ್ತು. ಮೂರನೆಯ ದಿನಾಂಕದ ಹೊತ್ತಿಗೆ ಹೊಸ ಕೆಲಸ ಸಿಕ್ಕಿತ್ತು, ರಜೆ ಸಿಗಲಿಲ್ಲ, ಕೈಬಿಟ್ಟೆ.

ಇನ್ನೂ ಒಂದು ಪೆಟ್ಟು ಉಳಿದಿತ್ತು. ಮನೆ ಸಾಲದ ಜೊತೆ ಕೆಲಸ ಹೋದರೆ ಮೂರು ಇಎಂಐ ಕಟ್ಟುವ ವಿಮೆ ಮಾಡಿಸಿದ್ದೆ, ಪ್ರೀಮಿಯಂ ಪೂರ್ತಿ ಕಟ್ಟಿದ್ದೆ. ಅರ್ಜಿ ಹಾಕಿದರೆ, ನೀವಾಗಿ ರಾಜೀನಾಮೆ ಕೊಟ್ಟಿದ್ದೀರಿ, ಇದಕ್ಕೆ ಅನ್ವಯಿಸುವುದಿಲ್ಲ ಅಂತ ಉತ್ತರ ಬಂತು. ಆ ತಿಂಗಳ ಕಂತಿಗೆ ಅಮ್ಮನ ಬಳೆ ಅಡ ಇಟ್ಟೆವು.

ಈಗ ನಿಮ್ಮ ಪ್ರಶ್ನೆಗೆ. ರಾಜೀನಾಮೆಯಾ ಟರ್ಮಿನೇಷನ್ನಾ ಅಂತ ನೀವು ಆರಿಸಬೇಕು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಕೆಲಸ ಬೇಕು, ಅವರಿಗೆ ನೀವು ಬೇಡ. ಹಾಗಿದ್ದ ಮೇಲೆ ತೆಗೆಯುವ ಕೆಲಸ ಅವರು ಮಾಡಲಿ, ಕಾಗದದ ಮೇಲೆ ಅವರ ಹೆಸರಲ್ಲೇ ಮಾಡಲಿ. ಅಷ್ಟು ಸುಲಭವಾಗಿ ತೆಗೆಯುವ ಹಾಗಿದ್ದರೆ ನಿಮ್ಮನ್ನು ರೂಮಿಗೆ ಕರೆದು ಯಾಕೆ ಬೇಡಿಕೊಳ್ಳುತ್ತಿದ್ದರು? 2014ರಲ್ಲಿ ನಮ್ಮ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುತ್ತಿದ್ದ ಕಾನೂನು) ವಿನಾಯಿತಿ ಕೊಟ್ಟು ಆಮೇಲೆ ಅದನ್ನು ಮುಂದುವರಿಸುತ್ತಾ ಬಂದಾಗ ಹಾಕಿದ ಷರತ್ತುಗಳಲ್ಲಿ ಒಂದು, ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನುವುದು. ಎಲ್ಲರೂ 'ತಾವಾಗಿ' ಬಿಟ್ಟರೆ ತಿಳಿಸುವುದಕ್ಕೆ ಏನೂ ಇರುವುದಿಲ್ಲ. ಇಲಾಖೆಯ ಲೆಕ್ಕದಲ್ಲಿ ನಾನೂ ಇಲ್ಲ, ಅವತ್ತು ನನ್ನ ಜೊತೆ ಹೋದ ಹನ್ನೊಂದು ಜನರೂ ಇಲ್ಲ.

ನಿಮ್ಮ ಸಂಬಳ ಜಾಸ್ತಿ, ಹಾಗಾಗಿ ಕಾರ್ಮಿಕ ಕಾನೂನು ನಮಗಲ್ಲ ಅಂತ ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು. ತಾಂತ್ರಿಕ ಕೆಲಸ ಮಾಡುವವರಿಗೆ ಕಾನೂನಿನಲ್ಲಿ ಸಂಬಳದ ಮಿತಿಯಿಲ್ಲ, ಆ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ. ಕಾರ್ಡಿನ ಮೇಲೆ 'ಲೀಡ್' ಅಂತ ಇದ್ದರೂ ದಿನವಿಡೀ ಕೋಡ್ ಬರೆಯುವವರು ನೀವಾದರೆ, ನೋಡುವುದು ಆ ಕೆಲಸವನ್ನು. ನನ್ನ ಕಾಲಕ್ಕೆ 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವರ್ಷಕ್ಕೆ 15 ದಿನದ ಲೆಕ್ಕ ಅದರಲ್ಲೂ ಇದೆ.

ರೇಟಿಂಗ್ ಎರಡು ಸಲ ಕಡಿಮೆ ಬಂದಿದೆ, ಅವರು ಹೇಳುವುದರಲ್ಲೂ ಅರ್ಥವಿದೆ ಅಂತೀರಿ. ಅರ್ಥವಿದ್ದರೆ ಬರೆದು ಕೊಡಲಿ. ಟರ್ಮಿನೇಷನ್ ಅಂದರೆ ಜೀವನವಿಡೀ ಕಪ್ಪು ಚುಕ್ಕೆ ಅನ್ನುವ ಹೆದರಿಕೆ ನನಗೂ ಇತ್ತು. ಮುಂದಿನ ಇಂಟರ್‌ವ್ಯೂಗಳಲ್ಲಿ ನಾನು "ತೆಗೆದರು" ಅಂತಲೇ ಹೇಳಿದೆ. ಎದುರಿಗೆ ಕೂತವರು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿದರು.

ಸೋಮವಾರ ಮತ್ತೆ ಮೀಟಿಂಗ್ ಇದೆ ಅಂದಿದ್ದೀರಿ. ಅದಕ್ಕೆ ಮುಂಚೆ ಅಪಾಯಿಂಟ್‌ಮೆಂಟ್ ಲೆಟರ್, ಪೇಸ್ಲಿಪ್, ಅಪ್ರೈಸಲ್ ಪತ್ರ ಇಷ್ಟನ್ನು ಮನೆಯಲ್ಲಿಟ್ಟುಕೊಳ್ಳಿ. ಪ್ರಾಜೆಕ್ಟಿನ ಒಂದೇ ಒಂದು ಫೈಲನ್ನೂ ಹೊರಗೆ ಕಳಿಸಬೇಡಿ, ಅದೇ ಅವರಿಗೆ ನೆಪವಾಗುತ್ತದೆ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಕೆಐಟಿಯು, 2017ರಿಂದ ಇದೆ. ನಾನು ತಡವಾಗಿ ಹೋದೆ, ನೀವು ಈ ವಾರವೇ ಮಾತಾಡಿ. ರೂಮಿನಲ್ಲಿ ಏನು ಕೊಟ್ಟರೂ "ಓದಿ ಹೇಳ್ತೀನಿ" ಅಂತ ಎದ್ದು ಬನ್ನಿ. ಬಂದ ತಕ್ಷಣ ಎಚ್‌ಆರ್‌ಗೆ ಮೇಲ್ ಹಾಕಿ, ನಿಮ್ಮದೇ ಮಾತಿನಲ್ಲಿ: "ಇವತ್ತಿನ ಮೀಟಿಂಗ್‌ನಲ್ಲಿ ರಾಜೀನಾಮೆ ಕೊಡಲು ಹೇಳಿದಿರಿ. ನಾನು ರಾಜೀನಾಮೆ ಕೊಡುತ್ತಿಲ್ಲ. ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ. ಕಂಪನಿಗೆ ನನ್ನ ಸೇವೆ ಬೇಡವಾಗಿದ್ದರೆ ಕಾರಣ ಸಹಿತ ಬರವಣಿಗೆಯಲ್ಲಿ ತಿಳಿಸಿ." ಅದರ ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಇರಲಿ. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬರೆಯಿರಿ, ಸೋಮವಾರ ಸಂಜೆ ನಾನು ನೋಡುತ್ತಿರುತ್ತೇನೆ.