ಕೆಲಸ ಮಾಡುತ್ತಾ ಓದುತ್ತಿದ್ದೇನೆ, ನನ್ನ ಕಾಲೇಜು ಫೀಗೆ ತೆರಿಗೆ ವಿನಾಯಿತಿ ಸಿಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯಲ್ಲಿ ನೌಕರಿ, ವರ್ಷಕ್ಕೆ 9 ಲಕ್ಷ ಸಂಬಳ. ಶನಿವಾರ, ಭಾನುವಾರ ಧಾರವಾಡದಲ್ಲಿ ಎಂಬಿಎ ಕ್ಲಾಸು. ಈ ವರ್ಷ 1,10,000 ರೂಪಾಯಿ ಫೀ ಕಟ್ಟಿದ್ದೀರಿ, ಅದರಲ್ಲಿ ಅರ್ಧ ಸಾಲ ಮಾಡಿ. ಆಫೀಸಿನವರು ದಾಖಲೆ ಕೇಳುತ್ತಿದ್ದಾರೆ, ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ 80ಸಿ ಕಲಂ ಅಡಿ ಆ ರಸೀದಿ ಕೊಡಬಹುದಾ ಅಂತ.

ಕೊಡಬೇಡಿ. ನಾನು ಕೊಟ್ಟು ಕೈಸುಟ್ಟುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

2021-22ರಲ್ಲಿ ನಾನು ಗೋಕುಲ ರೋಡಿನ ಒಂದು ಶೋರೂಮಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಸಂಬಳ 6.8 ಲಕ್ಷ. ನಿಮ್ಮ ಹಾಗೇ ವಾರಾಂತ್ಯದ ಕೋರ್ಸು, ಬೆಳಗ್ಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗುವುದು, ಸಂಜೆ ವಾಪಸ್. ಫೀ 42,000. ಜನವರಿಯಲ್ಲಿ ಆಫೀಸಿನವರು ಎಲ್ಲರ ರಸೀದಿ ಕೇಳಿದಾಗ ನಾನೂ ನನ್ನದನ್ನು ಕೊಟ್ಟೆ. ಅವರೂ ಸುಮ್ನೆ ತಗೊಂಡರು. ಆಫೀಸಿನವರು ಕೊಡುವ ಸಂಬಳ-ತೆರಿಗೆ ಪತ್ರ ಫಾರ್ಮ್ 16ರಲ್ಲಿ ಚೆಂದಾಗಿ ಕಳೆದು ಬಂತು. ಜುಲೈನಲ್ಲಿ ರಿಟರ್ನ್ ಹಾಕಿದೆ, ಮುಗೀತು ಅಂದುಕೊಂಡೆ.

ನವೆಂಬರಿನಲ್ಲಿ ಬೇರೆ ಏನೋ ಕೆಲಸಕ್ಕೆ ಅಪ್ಪನ ಸ್ನೇಹಿತರೊಬ್ಬರ ಹತ್ತಿರ ಹೋಗಿದ್ದೆ. ಮೂವತ್ತು ವರ್ಷದಿಂದ ತೆರಿಗೆ ಲೆಕ್ಕ ಬರೆಯುವವರು, ನಾವು ಕಾಕಾ ಅಂತೀವಿ. ನನ್ನ ಫೈಲ್ ತಿರುವಿ ಹಾಕುತ್ತಾ ಆ ರಸೀದಿ ಹತ್ತಿರ ನಿಂತರು. ಕನ್ನಡಕ ಮೇಲೆ ಏರಿಸಿ, "ಇದು ಯಾರ ಫೀನೋ?" ಅಂದರು.

"ನಂದ ರೀ ಕಾಕಾ."

"ನಿನ್ನ ಮಕ್ಕಳದು ಎಲ್ಲೈತಿ?"

"ಇನ್ನೂ ಮದುವಿನ ಆಗಿಲ್ರೀ."

"ಮತ್ತ 80ಸಿ ಒಳಗ ಹೆಂಗ ಹಾಕಿದಿ?"

ವಿಷಯ ಅಷ್ಟೇ. 80ಸಿಯಲ್ಲಿ ಟ್ಯೂಷನ್ ಫೀ ಅಂದರೆ ನಿಮ್ಮ ಮಕ್ಕಳ ಫೀ, ಅದೂ ಇಬ್ಬರು ಮಕ್ಕಳದ್ದು ಮಾತ್ರ, ಭಾರತದೊಳಗಿನ ಶಾಲೆ ಕಾಲೇಜಿನ ಪೂರ್ಣಾವಧಿ ಓದಿಗೆ. ನಿಮ್ಮ ಸ್ವಂತ ಫೀಗೆ ಅಲ್ಲಿ ಜಾಗವಿಲ್ಲ, ಹೆಂಡತಿ ಅಥವಾ ಗಂಡನ ಫೀಗೂ ಇಲ್ಲ. ನರ್ಸರಿ ಮಗುವಿನ ಫೀ ನಡೆಯುತ್ತದೆ, ದುಡಿದು ಓದುವವನ ಫೀ ನಡೆಯುವುದಿಲ್ಲ. ನ್ಯಾಯ ಅನ್ನಿಸುತ್ತಾ ಅಂದರೆ, ನನಗಂತೂ ಇಲ್ಲ.

ನಾನು ಡಿಸೆಂಬರ್ 31ರ ಒಳಗೆ ತಿದ್ದಿದ ರಿಟರ್ನ್ ಹಾಕಿದೆ. 42,000ಕ್ಕೆ 20 ಪರ್ಸೆಂಟ್ ತೆರಿಗೆ, ಅದರ ಮೇಲೆ ಸೆಸ್ ಅನ್ನೋ ಹೆಚ್ಚುವರಿ ಕರ, ಒಟ್ಟು 8,736 ರೂಪಾಯಿ ಕಟ್ಟಿದೆ. ಬಾಕಿ ಹತ್ತು ಸಾವಿರದೊಳಗೆ ಇದ್ದದ್ದರಿಂದ ಮುಂಗಡ ತೆರಿಗೆ ಕಟ್ಟಿಲ್ಲ ಅನ್ನೋ ಬಡ್ಡಿ ಬೀಳಲಿಲ್ಲ, ಪುಣ್ಯ. ತಾನಾಗಿ ತಿದ್ದಿಕೊಂಡರೆ ಇಷ್ಟಕ್ಕೇ ಮುಗಿಯುತ್ತದೆ. ಇಲಾಖೆಯವರೇ ಹಿಡಿದರೆ ಕಡಿಮೆ ತೋರಿಸಿದ ಆದಾಯದ ತೆರಿಗೆಯ ಮೇಲೆ ಅದರ ಅರ್ಧದಷ್ಟು ದಂಡ ಹಾಕಬಹುದು. ಬೇಕಂತಲೇ ಸುಳ್ಳು ತೋರಿಸಿದ್ದು ಅಂತ ತೀರ್ಮಾನವಾದರೆ ಎರಡು ಪಟ್ಟು. "ಆಫೀಸಿನವರು ಒಪ್ಪಿದ್ದರು" ಅನ್ನೋ ಮಾತು ಅಲ್ಲಿ ನಡೆಯಲ್ಲ. ರಿಟರ್ನಿನ ಕೆಳಗೆ ಇರುವುದು ನಮ್ಮ ಹೆಸರು.

ಈಗ ನಿಮ್ಮ ಸಾಲಕ್ಕೆ ಬರೋಣ. ಇದು ಬೇರೆ ದಾರಿ, ಶಿಕ್ಷಣ ಸಾಲದ ಕಲಂ 80ಇ. ಇಲ್ಲಿ ಸ್ವಂತ ಓದಿಗೂ ಅವಕಾಶ ಉಂಟು. ಪಿಯುಸಿ ನಂತರದ ಯಾವುದೇ ಮಾನ್ಯ ಕೋರ್ಸ್ ಆಗಬಹುದು, ಪೂರ್ಣಾವಧಿಯೇ ಆಗಿರಬೇಕು ಅಂತ ಕಾನೂನು ಕೇಳುವುದಿಲ್ಲ. ಕಳೆಯುವುದು ಬಡ್ಡಿಯನ್ನು ಮಾತ್ರ, ಅಸಲನ್ನಲ್ಲ. ಬಡ್ಡಿಗೆ ಮೇಲ್ಮಿತಿ ಇಲ್ಲ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟು ವರ್ಷ, ಅಥವಾ ಬಡ್ಡಿ ತೀರುವ ತನಕ, ಯಾವುದು ಮೊದಲೋ ಅದು.

ಆದರೆ ಸಾಲ ಎಲ್ಲಿಂದ ತಂದಿರಿ? ನಮ್ಮ ಕಡೆ ತಕ್ಷಣ ಸಾಲ ಬೇಕೆಂದರೆ ಮೊದಲು ನೆನಪಾಗುವುದು ಓಣಿಯ ಪತ್ತಿನ ಸಹಕಾರಿ ಸಂಘ, ಇಲ್ಲವೇ ಅವ್ವನ ಬಳೆ ಇಟ್ಟು ತೆಗೆಯುವ ಬಂಗಾರದ ಸಾಲ, ಇಲ್ಲವೇ ಮಾವನ ಕೈಗಡ. ಇವ್ಯಾವೂ 80ಇಗೆ ಲೆಕ್ಕಕ್ಕಿಲ್ಲ. ಬ್ಯಾಂಕಿನಿಂದ, ಸರಕಾರ ಅಧಿಸೂಚನೆ ಹೊರಡಿಸಿದ ಹಣಕಾಸು ಸಂಸ್ಥೆಯಿಂದ, ಅಥವಾ ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆಯಿಂದ ಓದಿಗೆಂದೇ ತೆಗೆದ ಸಾಲವಾಗಿರಬೇಕು. ಅದೂ ನಿಮ್ಮ ಹೆಸರಿನಲ್ಲಿ, ನಿಮ್ಮ ಓದಿಗೆ, ಇಲ್ಲವೇ ಗಂಡ-ಹೆಂಡತಿ, ಮಕ್ಕಳ ಓದಿಗೆ. ರಾಣೆಬೆನ್ನೂರಿನ ನನ್ನ ಗೆಳೆಯನೊಬ್ಬ ತಮ್ಮನ ಎಂಜಿನಿಯರಿಂಗ್‌ಗೆ ತನ್ನ ಹೆಸರಲ್ಲಿ ಸಾಲ ಮಾಡಿ ಐದು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದಾನೆ. ಒಂದು ರೂಪಾಯಿಯೂ ಕಳೆಯಲು ಬರುವುದಿಲ್ಲ, ಯಾಕೆಂದರೆ ತಮ್ಮ ಆ ಪಟ್ಟಿಯಲ್ಲಿಲ್ಲ. ನಿಮ್ಮದು ಬ್ಯಾಂಕಿನ ಶಿಕ್ಷಣ ಸಾಲವೇ ಆಗಿದ್ದರೆ ಬಡ್ಡಿ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಸಾಲದ ಖಾತೆ ನಂಬರ್, ಮಂಜೂರಾದ ತಾರೀಖು, ಉಳಿದ ಬಾಕಿ, ಇವನ್ನೆಲ್ಲ ಈಗ ರಿಟರ್ನಿನಲ್ಲೇ ಕೇಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಗಬೇಡಿ, ನಿಮ್ಮ ಸಂಬಳಕ್ಕೆ ಇದ್ಯಾವುದೂ ಬೇಕಾಗಿಯೇ ಇಲ್ಲ.

ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ, ಒಂದನ್ನು ಆರಿಸಿಕೊಳ್ಳಬೇಕು. 80ಸಿ, 80ಇ ಎರಡೂ ಹಳೆ ಪದ್ಧತಿಯವು, ಹೊಸ ಪದ್ಧತಿಯಲ್ಲಿ ಇಲ್ಲ. ಈಗ 2025-26ರ ಲೆಕ್ಕ ನೋಡಿ. ಹೊಸ ಪದ್ಧತಿಯಲ್ಲಿ ನಿಮ್ಮ 9 ಲಕ್ಷದಲ್ಲಿ ಸಂಬಳದಾರರಿಗೆ ರಸೀದಿ ಇಲ್ಲದೆಯೇ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 8.25 ಲಕ್ಷ. ಅದರ ತೆರಿಗೆ 22,500. ಆದಾಯ 12 ಲಕ್ಷದೊಳಗೆ ಇರುವುದರಿಂದ ಅಷ್ಟೂ ರಿಬೇಟ್‌ನಲ್ಲಿ, ಅಂದರೆ ತೆರಿಗೆ ಮನ್ನಾದಲ್ಲಿ ಹೋಗುತ್ತದೆ. ಕಟ್ಟುವುದು ಸೊನ್ನೆ. ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದು, 80ಸಿ ಪೂರ್ತಿ 1.5 ಲಕ್ಷ ತುಂಬಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಉಳಿಯುವುದು 7 ಲಕ್ಷ, ಸೆಸ್ ಸೇರಿ ತೆರಿಗೆ 54,600. ಮನೆ ಬಾಡಿಗೆ ಭತ್ಯೆ ಕಳೆದು ಇದನ್ನು ಇನ್ನೂ ಇಳಿಸಬಹುದು, ಆದರೆ ಸೊನ್ನೆಗಿಂತ ಕೆಳಗೆ ಎಲ್ಲಿಗೆ ಹೋಗ್ತೀರಿ? ಸಂಬಳ ಬಿಟ್ಟು ಬೇರೆ ಆದಾಯ ಇಲ್ಲದವರು 12.75 ಲಕ್ಷದ ತನಕ ಈ ಚಿಂತೆಯನ್ನೇ ಮಾಡಬೇಕಿಲ್ಲ.

ಕಂಪನಿಗೆ ಈಗಾಗಲೇ ಹಳೆ ಪದ್ಧತಿ ಅಂತ ಹೇಳಿಬಿಟ್ಟಿದ್ದರೂ ಪರವಾಗಿಲ್ಲ. ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಬದಲಿಸಿಕೊಳ್ಳಬಹುದು, ಹೆಚ್ಚು ಕಡಿತವಾದದ್ದು ರಿಫಂಡ್ ಬರುತ್ತದೆ.

ಇನ್ನೊಂದು ಮಾತು, ಅಪ್ಪ ಪಿಂಚಣಿಯವರಾಗಿ ಹಳೆ ಪದ್ಧತಿಯಲ್ಲಿದ್ದರೆ ಅವರ ಹೆಸರಲ್ಲಿ ನಿಮ್ಮ ಫೀ ತೋರಿಸಬಹುದಲ್ವಾ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ, ಅದು ನಿಜ. ಆದರೆ ಹಣ ಅವರ ಖಾತೆಯಿಂದ ಹೋಗಿರಬೇಕು, ಕೋರ್ಸ್ ಪೂರ್ಣಾವಧಿಯದಾಗಿರಬೇಕು. ನಿಮ್ಮದು ಶನಿವಾರ-ಭಾನುವಾರದ್ದು. ಡೊನೇಶನ್, ಡೆವಲಪ್‌ಮೆಂಟ್ ಫೀ ಅಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಆಮೇಲಿನ ಫಾರ್ಮುಗಳಲ್ಲಿ 80ಸಿ ಬದಲು 123 ಅಂತ ಕಂಡರೆ ಗಾಬರಿಯಾಗಬೇಡಿ, ಅದೇ ಇದು.

ಆಫೀಸಿನವರಿಗೆ ಫೀ ಕಾಲಂ ಖಾಲಿ ಬಿಟ್ಟು ಫಾರ್ಮ್ ಕೊಡಿ, ಹೊಸ ಪದ್ಧತಿ ಅಂತ ಬರೆಯಿರಿ. ರಸೀದಿಯನ್ನು ಮಾತ್ರ ಎಸೆಯಬೇಡಿ, ಪರೀಕ್ಷೆ ಅರ್ಜಿ ತುಂಬುವಾಗ ಕಾಲೇಜಿನವರು ಕೇಳೇ ಕೇಳುತ್ತಾರೆ.